ದಾಬಸ್‌ಪೇಟೆ–ಹೊಸಕೋಟೆ ದಾರಿಯಲ್ಲಿ ಎರಡು ಕರೆಂಟ್ ಲಾರಿ: ಎಂಟು ತಿಂಗಳ ಲೆಕ್ಕ

ದಾಬಸ್‌ಪೇಟೆಯ ಗೋಡೌನೊಂದರಲ್ಲಿ ಲಾರಿಗಳ ಉಸ್ತುವಾರಿ ನನ್ನದು. ಅಡುಗೆ ಎಣ್ಣೆ, ಗೋಧಿ ಹಿಟ್ಟು, ಸಾಬೂನು ಲೋಡ್ ಮಾಡಿಸಿ ಹೊಸಕೋಟೆಗೆ ಮುಟ್ಟಿಸಬೇಕು. ಎಂಟು ತಿಂಗಳ ಹಿಂದೆ ಎರಡು ಹಳೆಯ ಡೀಸೆಲ್ ಲಾರಿ ಗುಜರಿಗೆ ಕೊಟ್ಟು, ಸರಕು ಸೇರಿ ಒಟ್ಟು 55 ಟನ್ನಿನ ಎರಡು ಕರೆಂಟ್ ಟ್ರೇಲರ್ ತಂದೆವು. ಟಾಟಾ, ಅಶೋಕ್ ಲೇಲ್ಯಾಂಡ್, ಮೊಂಟ್ರಾ ಮೂವರೂ ಈ ತೂಕದ ಲಾರಿ ಮಾಡುತ್ತಾರೆ. ನಾವು ಕೊಂಡದ್ದು ಯಾರದ್ದು ಎಂದು ಹೇಳುವುದಿಲ್ಲ. ಇಲ್ಲಿ ಬರೆಯುವ ಕಷ್ಟ ಸುಖ ಯಾವ ಕಂಪನಿಯ ಲಾರಿ ಕೊಂಡರೂ ಎದುರಾಗುವಂಥದ್ದೇ.

ಮೊದಲು ಡ್ರೈವರ್ ವಿಷಯ. ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಲಾರಿ ಓಡಿಸುತ್ತಿರುವ ಅಣ್ಣ ಒಬ್ಬರಿದ್ದಾರೆ. ಕರೆಂಟ್ ಗಾಡಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದವರು. ಮೊದಲ ವಾರ ಮುಗಿದ ಶನಿವಾರ ಬಂದು, "ಅಕ್ಕಾ, ಎಡಗಾಲು ಮಂಡಿ ನೋವು ಬರಲೇ ಇಲ್ಲ ಈ ವಾರ" ಅಂದರು. ಕ್ಲಚ್ ಇಲ್ಲವಲ್ಲ. ಕ್ಯಾಬಿನ್‌ನಲ್ಲಿ ಎ.ಸಿ. ಇದೆ, ಸೀಟಿನ ಕೆಳಗೆ ಎಂಜಿನ್ ನಡುಕ ಇಲ್ಲ. ಒಂದು ದಿನ ದೇವನಹಳ್ಳಿ ಹತ್ತಿರ ಹಿಂದಿನಿಂದ 'ಟಕ್, ಟಕ್' ಎಂಬ ಸಣ್ಣ ಸದ್ದು ಕೇಳಿ ಇಳಿದು ನೋಡಿದರೆ, ಜೋಡಿ ಟೈರಿನ ನಡುವೆ ಮುಷ್ಟಿ ಗಾತ್ರದ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಡೀಸೆಲ್ ಗಾಡಿಯ ಗದ್ದಲದಲ್ಲಿ ಅದು ಕೇಳುತ್ತಿರಲಿಲ್ಲ, ಟೈರ್ ಹರಿದ ಮೇಲೇ ಗೊತ್ತಾಗುತ್ತಿತ್ತು ಎಂದರು. ಈಗ ಅವರು ರಜೆ ಹಾಕಿದರೂ ಆ ಗಾಡಿಯನ್ನು ಬೇರೆಯವರಿಗೆ ಕೊಡಬೇಡಿ ಎನ್ನುತ್ತಾರೆ. ಸದ್ದಿಲ್ಲದಿರುವುದರಿಂದ ಒಂದು ಅಪಾಯವೂ ಇದೆ: ಹಮಾಲಿಗಳಿಗೆ ಲಾರಿ ಹಿಂದಕ್ಕೆ ಬರುತ್ತಿರುವುದೇ ತಿಳಿಯುವುದಿಲ್ಲ. ಅದಕ್ಕೆ ರಿವರ್ಸ್ ತೆಗೆಯುವಾಗ ಒಬ್ಬರು ಹಿಂದೆ ನಿಂತು ವಿಷಲ್ ಊದಲೇಬೇಕು ಎಂದು ಕಟ್ಟುನಿಟ್ಟು ಮಾಡಿದ್ದೇನೆ.

ಈಗ ದುಡ್ಡಿನ ಮಾತು. ಸ್ಯಾಟಲೈಟ್ ರಿಂಗ್ ರಸ್ತೆಯಲ್ಲಿ ದಾಬಸ್‌ಪೇಟೆಯಿಂದ ಹೊಸಕೋಟೆಗೆ ಸುಮಾರು 80 ಕಿ.ಮೀ. ಲೋಡ್ ತುಂಬಿಕೊಂಡು ಹೋಗುವುದು, ಖಾಲಿ ಬರುವುದು. ಡೀಸೆಲ್ ಲಾರಿ ಒಂದು ಟ್ರಿಪ್ಪಿಗೆ 52 ಲೀಟರ್ ಕುಡಿಯುತ್ತಿತ್ತು. ಲೀಟರಿಗೆ 91 ರೂಪಾಯಿ ಹಿಡಿದರೆ 4,700ಕ್ಕೂ ಹೆಚ್ಚು. ಕರೆಂಟ್ ಲಾರಿಗೆ ಅದೇ ಟ್ರಿಪ್ಪಿಗೆ ಚಾರ್ಜರ್ ಮೀಟರ್‌ನಲ್ಲಿ 210 ಯೂನಿಟ್. ಫಿಕ್ಸೆಡ್ ಚಾರ್ಜ್ ಎಲ್ಲ ಸೇರಿ ನಮಗೆ ಯೂನಿಟ್ಟಿಗೆ 8 ರೂಪಾಯಿ ಬೀಳುತ್ತದೆ, ಅಂದರೆ 1,680. ಟ್ರಿಪ್ಪಿಗೆ ಮೂರು ಸಾವಿರ ಉಳಿತಾಯ.

ಇಷ್ಟು ಕೇಳಿ ಯಾರೂ ಅಡ್ವಾನ್ಸ್ ಕೊಡಲು ಓಡಬೇಡಿ. ಸಬ್ಸಿಡಿ ಕಳೆದ ಮೇಲೂ ಡೀಸೆಲ್ ಗಾಡಿಗಿಂತ 70 ಲಕ್ಷದಷ್ಟು ಹೆಚ್ಚು ಬಿತ್ತು. ದಿನಕ್ಕೆ ಒಂದೇ ಟ್ರಿಪ್ ಹೊಡೆದರೆ ಆ ಹಣ ತೀರಲು ಏಳೆಂಟು ವರ್ಷ ಬೇಕು. ಎರಡು ಟ್ರಿಪ್ ಹೊಡೆದರೆ ನಾಲ್ಕು ವರ್ಷದೊಳಗೆ ತೀರುತ್ತದೆ. ಎರಡನೇ ಟ್ರಿಪ್ ಆಗಬೇಕಾದರೆ ಮಧ್ಯಾಹ್ನ ಲೋಡಿಂಗ್ ನಡೆಯುವ ಎರಡು ಗಂಟೆಯೊಳಗೇ ಬ್ಯಾಟರಿ ತುಂಬಬೇಕು. ಆದ್ದರಿಂದ ಚಾರ್ಜರ್ ಇರಬೇಕಾದ್ದು ಅಂಗಳದ ಮೂಲೆಯಲ್ಲಲ್ಲ, ಲೋಡಿಂಗ್ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ. ನಾವು ಮೊದಲು ಗೇಟಿನ ಬಳಿ ಹಾಕಿಸಿದ್ದೆವು. ಲೋಡ್ ಮುಗಿಸಿ, ಗಾಡಿ ತೆಗೆದು, ಚಾರ್ಜಿಗೆ ನಿಲ್ಲಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಎರಡು ತಿಂಗಳು ಹಾಗೇ ಹೋಯಿತು. ಕೇಬಲ್ ಅಗೆಸಿ ಜಾಗ ಬದಲಿಸಿದ ಮೇಲೇ ದಿನಕ್ಕೆ ಎರಡು ಟ್ರಿಪ್ ಕೂಡಿಬಂದದ್ದು.

ಅದಕ್ಕೂ ಮೊದಲು ಟಿ.ಸಿ. ಗೋಳು. ಇಂಥ ಚಾರ್ಜರಿಗೆ ಹಳೆಯ ಲೈನ್ ಸಾಲದು, ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು, ಕರೆಂಟ್ ಲೋಡ್ ಮಂಜೂರಾಗಬೇಕು. ಲಾರಿ ಬಂದು ನಿಂತಿತ್ತು, ಟಿ.ಸಿ. ಬರಲಿಲ್ಲ. ಮೂರು ತಿಂಗಳು ಕಂತು ಕಟ್ಟುತ್ತಾ ಗಾಡಿಯ ಮೇಲಿನ ಧೂಳು ಒರೆಸಿದೆವು. ಮೊದಲು ಅರ್ಜಿ ಹಾಕಿ, ಕಂಬ ನಿಂತ ಮೇಲೆ ಲಾರಿ ಬುಕ್ ಮಾಡಿ.

ಹೊರಗಿನ ಚಾರ್ಜಿಂಗ್ ನಂಬುವ ಹಾಗಿಲ್ಲ. ಒಂದು ಬೆಳಗ್ಗೆ ನಮ್ಮಲ್ಲಿ ಕರೆಂಟ್ ಹೋಗಿ, ಶೇ. 18ರಲ್ಲಿದ್ದ ಗಾಡಿಯನ್ನು ಹೆದ್ದಾರಿ ಬದಿಯ ಸ್ಟೇಷನ್ನಿಗೆ ಕಳಿಸಿದೆ. ಅಲ್ಲಿನ ಜಾಗ ಕಾರಿನ ಅಳತೆಯದು. ಸರ್ವಿಸ್ ರಸ್ತೆಯಲ್ಲಿ ಟ್ರೇಲರ್ ಕಳಚಿಟ್ಟು, ಅದರ ಕಾವಲಿಗೆ ಕ್ಲೀನರ್‌ನನ್ನು ಬಿಟ್ಟು, ಮುಂಭಾಗ ಮಾತ್ರ ಒಳಗೆ ನುಗ್ಗಿಸಿ ಚಾರ್ಜ್ ಮಾಡಿಸಿಕೊಂಡು ಬಂದರು. ಆ ದಿನದ ಎರಡನೇ ಟ್ರಿಪ್ ಹೋಯಿತು.

ಇನ್ನೊಂದು ಕೊರತೆ ತೂಕದ್ದು. ವೇಬ್ರಿಡ್ಜ್ ಚೀಟಿಯಲ್ಲಿ ಖಾಲಿ ಗಾಡಿಯೇ ಡೀಸೆಲ್ ಗಾಡಿಗಿಂತ ಎರಡು ಟನ್ನಿಗೂ ಹೆಚ್ಚು ಭಾರ ತೋರಿಸುತ್ತದೆ, ಎಲ್ಲ ಬ್ಯಾಟರಿಯದು. ಅಷ್ಟು ಎಣ್ಣೆ ಟಿನ್ ಪ್ರತಿ ಟ್ರಿಪ್ಪಿನಲ್ಲೂ ಕಡಿಮೆ ಹೋಗುತ್ತದೆ. ಬಿಸ್ಕತ್ತು, ಚಿಪ್ಸ್ ಸಾಗಿಸುವವರಿಗೆ ಜಾಗ ಮೊದಲು ತುಂಬುವುದರಿಂದ ಇದು ತಟ್ಟುವುದಿಲ್ಲ. ಎಣ್ಣೆ, ಸಿಮೆಂಟ್, ಕಬ್ಬಿಣದವರು ಇದನ್ನು ಬಾಡಿಗೆಯಲ್ಲಿ ಕಳೆದು ಲೆಕ್ಕ ಹಾಕಿ.

ಸಬ್ಸಿಡಿ ಕೇಳುವವರಿಗೆ: ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಒಂದು ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿವರೆಗೆ ಇದೆ. ಹಳೆಯ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರ ಕಡ್ಡಾಯ, ಅದನ್ನು ಜೋಪಾನ ಮಾಡಿ. ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿ.ಮೀ. ವಾರಂಟಿ ಕೊಡಬೇಕೆಂದೂ ಅದೇ ಯೋಜನೆ ಹೇಳುತ್ತದೆ. ನಮ್ಮ ಓಟ ವರ್ಷಕ್ಕೆ ಒಂದು ಲಕ್ಷ ಕಿ.ಮೀ. ಹತ್ತಿರ, ಹಾಗಾಗಿ ಆ ಐದು ವರ್ಷ ನನಗೆ ಧೈರ್ಯ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೋಗಿ ಬರುವ ದಾರಿ ಖಾತ್ರಿ ಇದ್ದು, ಚಾರ್ಜರ್ ನಿಮ್ಮದೇ ಆಗಿದ್ದರೆ ಕೊಳ್ಳಿ. ಶಿರಾಡಿ ಇಳಿದು ಮಂಗಳೂರಿಗೆ ಹೋಗುವ ಲೋಡಿಗೆ ನಾವು ಇವತ್ತಿಗೂ ಡೀಸೆಲ್ ಗಾಡಿಯನ್ನೇ ಕಳಿಸುತ್ತೇವೆ. ಮೂರನೇ ಕರೆಂಟ್ ಲಾರಿಯ ಕೊಟೇಶನ್ ಮೇಜಿನ ಮೇಲಿದೆ. ಅನ್‌ಲೋಡ್ ಆಗುವಾಗಲೇ ಚಾರ್ಜ್ ಮಾಡಿಕೊಳ್ಳಲು ಹೊಸಕೋಟೆಯ ಗೋಡೌನಿನವರು ಒಂದು ಚಾರ್ಜರಿನಷ್ಟು ಜಾಗ ಕೊಡುತ್ತೇವೆ ಎಂದಿದ್ದಾರೆ. ಅದು ಕಾಗದಕ್ಕೆ ಬಂದ ದಿನ ಸಹಿ ಹಾಕುತ್ತೇನೆ.