ಆಯಿಯ ತಪ್ಪಲೆಗೆ ಕಲಾಯಿ: ಶಿರಸಿ ಪೇಟೆಯ ಒಂದು ಅಂಗಡಿಯ ಕುರಿತು

ಮೂರು ವರ್ಷಗಳ ಹಿಂದೆ, ಕಲಾಯಿ (ಪಾತ್ರೆಯ ಒಳಮೈಗೆ ತವರದ ಲೇಪ) ಹಾಕಿಸಿಕೊಂಡು ಬರುತ್ತೇನೆಂದು ಹೇಳಿ ಆಯಿಯ ಹಿತ್ತಾಳೆ ತಪ್ಪಲೆಯನ್ನು ಒಯ್ದ ನಾನು ಅದನ್ನು ತೂಕಕ್ಕೆ ಮಾರಿ, ಬಂದ ಹಣವನ್ನು ಇಸ್ಪೀಟಿನಲ್ಲಿ ಕಳೆದಿದ್ದೆ. ಅದು ಅವಳಿಗೆ ತವರುಮನೆಯಿಂದ ಬಂದ ಪಾತ್ರೆ. ಕೊಂಡವರು ಪುಣ್ಯಕ್ಕೆ ಅದನ್ನು ಒಡೆಯದೆ ಇಟ್ಟಿದ್ದರು; ಈ ವರ್ಷ ಅಡಿಕೆಯ ಕೊನೆಕೊಯ್ಲಿನಲ್ಲಿ ದುಡಿದ ಹಣ ಕೊಟ್ಟು ಬಿಡಿಸಿಕೊಂಡೆ. ಕಲಾಯಿ ಹಾಕಿಸದೆ ಅದನ್ನು ಮನೆಯೊಳಗೆ ತರಲು ಮನಸ್ಸಾಗಲಿಲ್ಲ.

ಮಾರಿಕಾಂಬಾ ದೇವಸ್ಥಾನದಿಂದ ನಡೆದೇ ಹೋಗಬಹುದಾದ ಈ ಅಂಗಡಿಗೆ ಫಲಕವಿಲ್ಲ. ಅಲ್ಲಿನ ಹಿರಿಯರು ತಪ್ಪಲೆಯನ್ನು ಬೆಳಕಿಗೆ ಹಿಡಿದು ನೋಡಿ, ತಳದಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಮೊದಲು ಬೆಸುಗೆಯಾಗಬೇಕು, ಹಾಗೆಯೇ ಕಲಾಯಿ ಎಳೆದರೆ ಕೆಲವೇ ದಿನಗಳಲ್ಲಿ ಸೋರುತ್ತದೆ ಎಂದರು. ಬೆಸುಗೆಯ ಬಳಿಕ ಒಳಭಾಗವನ್ನು ತಿಕ್ಕಿ ತೊಳೆದು, ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿ ಹಾಕಿ, ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒಂದೇ ಸಮನೆ ಸವರಿದರು. ಸೀಸ ಬೆರೆತ ತವರ ಅಡುಗೆ ಪಾತ್ರೆಗೆ ಅಪಾಯಕಾರಿಯಾದ್ದರಿಂದ ನಾನು ಅನುಮಾನದಿಂದ ವಿಚಾರಿಸಿದಾಗ, ಬೇಸರಿಸದೆ ಕಡ್ಡಿಯನ್ನೇ ಕೈಗಿತ್ತು ತೋರಿಸಿದರು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲಿಡಬಾರದೆಂಬ ಎಚ್ಚರಿಕೆಯನ್ನು ಮನೆಯಲ್ಲಿ ಅಡುಗೆ ಮಾಡುವವರಿಗೆ ತಲುಪಿಸಲು ಎರಡು ಬಾರಿ ಹೇಳಿದರು.

ಬೆಸುಗೆ ಸೇರಿ 600 ರೂಪಾಯಿ ಆಯಿತು, ಇಷ್ಟು ಕೆಲಸಕ್ಕೆ ಅದು ನ್ಯಾಯವಾದ ದರ. ಎರಡು ದಿನವೆಂದದ್ದು ನಾಲ್ಕು ದಿನವಾದುದನ್ನು ನಾನು ದೊಡ್ಡ ಕೊರತೆಯೆಂದು ಭಾವಿಸುವುದಿಲ್ಲ. ಆದರೆ ಅವರು ಚೀಟಿ ಕೊಡುವುದಿಲ್ಲ, ಮತ್ತು ನನ್ನ ಮಾತಿಗೆ ಬೆಲೆಯಿಲ್ಲದ ಮನೆಗೆ ಹಿಂದಿರುಗುವಾಗ ನನಗೆ ಆ ಚೀಟಿ ಬಹಳ ಬೇಕಿತ್ತು.

ಆಯಿ ತಪ್ಪಲೆಯನ್ನು ಕಂಡು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅದರಲ್ಲಿ ಮಾವಿನಕಾಯಿಯ ಅಪ್ಪೆಹುಳಿ ಕಾಯಿಸಿ, ಸಂಜೆಯವರೆಗೂ ಅಲ್ಲಿಯೇ ಬಿಟ್ಟು, ಆಮೇಲೆ ರುಚಿ ನೋಡಿದಳು. ಕಲಾಯಿ ಸರಿಯಿಲ್ಲದಿದ್ದರೆ ಅಷ್ಟು ಹೊತ್ತಿಗೆ ಹುಳಿಗೆ ಕಿಲುಬು ಹಿಡಿಯುತ್ತದೆ, ಹಿಡಿದಿರಲಿಲ್ಲ. ಉಗ್ರಾಣದ ಬೀಗದ ಕೈ ಇಂದಿಗೂ ಅವಳ ಸೆರಗಿನ ತುದಿಯಲ್ಲಿಯೇ ಇದೆ, ಅದನ್ನು ಕೇಳುವ ಅರ್ಹತೆ ನನಗಿಲ್ಲ. ಆದರೆ ಹದಿನೈದು ದಿನಗಳ ನಂತರ ಅಟ್ಟದಿಂದ ದೊಡ್ಡ ಚರಿಗೆಯನ್ನು ಇಳಿಸಿ, "ಇದಕ್ಕೂ ಕಲಾಯಿ ಹಾಕ್ಸ್ಕ್ಯಂಡು ಬಾ" ಎಂದು ನನ್ನ ಕೈಯಲ್ಲಿಟ್ಟಳು. ಸೋಮವಾರ ಅದನ್ನು ಅದೇ ಅಂಗಡಿಗೆ ಒಯ್ಯುತ್ತಿದ್ದೇನೆ. ಈ ಸಲ ಹಾಳೆಯ ತುಂಡಿನ ಮೇಲಾದರೂ ಅವರಿಂದ ಬರೆಸಿಕೊಂಡು ಬರುತ್ತೇನೆ.