ಅಳತೆಯ ಆರ್ಮ್ ಅನ್ನು ಜಾಗ ಬದಲಿಸಿ ಅಳೆಸುವವರು ದಯವಿಟ್ಟು ಗಮನಿಸಿ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಬಳಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಷನ್ ಶೆಡ್ ಇದೆ. ಕಳೆದ ಬೇಸಿಗೆಯಲ್ಲಿ 4.2 ಮೀಟರ್ ಉದ್ದ, 1.4 ಮೀಟರ್ ಅಗಲದ ಫ್ರೇಮ್ ಒಂದನ್ನು ವೆಲ್ಡ್ ಮಾಡಿ ಮುಗಿಸಿದ ಮೇಲೆ, ಬೇರಿಂಗ್ ಕೂರುವ ಪ್ಯಾಡ್‌ಗಳೆಲ್ಲ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಲು ಪೋರ್ಟಬಲ್ ಆರ್ಮ್ (ತುದಿಯ ಪ್ರೋಬ್ ಎಂಬ ಮೊನೆಯಿಂದ ಮುಟ್ಟಿದ ಬಿಂದು ಎಲ್ಲಿದೆಯೆಂದು ಅಳೆಯುವ, ಕೀಲುಗಳುಳ್ಳ ತೋಳು) ತಂದು ಅಳೆದುಕೊಡುವವರೊಬ್ಬರನ್ನು ಕರೆಸಿದೆ. ಅವರ ವರದಿಯನ್ನು ನಂಬಿ, ಸರಿಯಾಗಿಯೇ ಇದ್ದ ಫ್ರೇಮನ್ನು ನನ್ನ ಕೈಯಾರೆ ಕೆಡಿಸಿಕೊಂಡೆ.

ಆರ್ಮ್ 2.5 ಮೀಟರಿನದು. ಇನ್ನೊಂದು ತುದಿ ಎಟುಕದ ಕಾರಣ ಅದನ್ನು ನಡುವೆ ಎತ್ತಿ ಬೇರೆಡೆ ನಿಲ್ಲಿಸಬೇಕಾಯಿತು. ಲೀಪ್‌ಫ್ರಾಗ್ ಎಂದು ಕರೆಯುವ ಈ ಕ್ರಮದಲ್ಲಿ ತಪ್ಪೇನೂ ಇಲ್ಲ. ಕದಲದ ಕೆಲವು ಗುರುತುಗಳನ್ನು ಹಳೆಯ ಜಾಗದಿಂದಲೂ ಹೊಸ ಜಾಗದಿಂದಲೂ ಪ್ರೋಬಿನಿಂದ ಮುಟ್ಟಿದರೆ, ಸಾಫ್ಟ್‌ವೇರ್ ಎರಡೂ ಅಳತೆಗಳನ್ನು ಹೊಂದಿಸಿ ಒಂದಾಗಿಸುತ್ತದೆ. ತಪ್ಪಾದದ್ದು ಗುರುತುಗಳ ಆಯ್ಕೆಯಲ್ಲಿ. ಬಂದವರು ಫ್ರೇಮಿನ ಒಂದೇ ಬದಿಯ ಚಾನಲ್ಲಿನ (ಉದ್ದನೆಯ ಉಕ್ಕಿನ ತೊಲೆಯ) ಮೇಲೆ ಸೆಂಟರ್ ಪಂಚಿನಿಂದ ಮೂರು ಚಿಕ್ಕ ಕುಳಿ ಹೊಡೆದರು: ಎರಡು ಉದ್ದಕ್ಕೆ, ಮೂರನೆಯದು ಅವುಗಳ ಗೆರೆಯಿಂದ ಬರೀ 60 ಮಿಲಿಮೀಟರ್ ಆಚೆ. ಇಷ್ಟು ಹತ್ತಿರವಿದ್ದರೆ ಸಾಕೇ ಎಂದು ಕೇಳಿದ್ದಕ್ಕೆ ಪರದೆ ತೋರಿಸಿ, "ನೋಡಿ ಸಾರ್, ಎರರ್ ಹತ್ತು ಮೈಕ್ರಾನ್ ಕೂಡ ಇಲ್ಲ" ಎಂದರು.

ಆ ಅಂಕಿಯೇ ನನ್ನನ್ನು ದಾರಿ ತಪ್ಪಿಸಿತು. ಯಾವ ಮೂರು ಬಿಂದುಗಳ ಮೂಲಕವಾದರೂ ಒಂದು ಸಮತಲ ಹಾದುಹೋಗಿಯೇ ಹೋಗುತ್ತದೆ. ಹಾಗಾಗಿ ಮೂರನೆಯ ಗುರುತನ್ನು 0.04 ಮಿಲಿಮೀಟರ್ ಮೇಲೆ ಮುಟ್ಟಿದ್ದರೂ ಸಾಫ್ಟ್‌ವೇರಿಗೆ ಅದು ತಪ್ಪಾಗಿ ಕಾಣುವುದಿಲ್ಲ, ಅದು ಇಡೀ ಅಳತೆಯನ್ನೇ ಅಷ್ಟು ವಾಲಿಸಿಬಿಡುತ್ತದೆ. 60 ಮಿಲಿಮೀಟರಿನಲ್ಲಿ 0.04 ಇದ್ದ ವಾಲು 1.4 ಮೀಟರ್ ಆಚೆಗೆ 0.9ನ್ನು ದಾಟುತ್ತದೆ. ಎದುರು ಚಾನಲ್ಲಿನ ಎರಡು ಪ್ಯಾಡ್‌ಗಳು 0.9 ಮಿಲಿಮೀಟರ್ ಎತ್ತರವಾಗಿವೆ ಎಂದು ವರದಿ ಬಂತು; ನಾವು ಅಷ್ಟನ್ನೂ ಮಿಲ್ಲಿಂಗ್ ಮಾಡಿ ತೆಗೆದೆವು. ಗಿರಾಕಿಯ ಕಡೆ ಶಾಫ್ಟ್ ಕೂರಿಸುವಾಗ ಅದು ಕೈಯಲ್ಲಿ ತಿರುಗಲೇ ಇಲ್ಲ. ಕೆತ್ತುವ ಮೊದಲು ಅಡ್ಡಪಟ್ಟಿಯ ಮೇಲೆ ಒಂದು ಮಷಿನ್ ಲೆವೆಲ್ (ಮಟ್ಟ ನೋಡುವ ಸೂಕ್ಷ್ಮ ಸಾಧನ) ಇಟ್ಟು ನೋಡಿದ್ದರೂ ನಿಜ ತಿಳಿಯುತ್ತಿತ್ತು, ನಾನು ನೋಡಲಿಲ್ಲ. ಈಗ ಆ ಪ್ಯಾಡ್‌ಗಳ ಮೇಲೆ ಶಿಮ್ (ಎತ್ತರ ಸರಿದೂಗಿಸುವ ತೆಳು ತಗಡು) ಇಟ್ಟು ಬೇರಿಂಗ್ ಕೂರಿಸಿದ್ದೇವೆ.

ನಾಲ್ಕನೆಯ ಗುರುತೊಂದು ಇದ್ದಿದ್ದರೆ ಅದು ಆ ಸಮತಲಕ್ಕೆ ಹೊಂದದೆ ತಪ್ಪನ್ನು ಹೊರಗೆಡಹುತ್ತಿತ್ತು. ಎರಡನೆಯ ಬಾರಿ ಅಳೆಯಲು ಬಂದವರು ಆರು ಲೋಹದ ಕೋನ್‌ಗಳನ್ನು ಎರಡೂ ಜಾಗಗಳಿಂದ ಎಟುಕುವಂತೆ ಎರಡು ಚಾನಲ್ಲುಗಳಿಗೂ ಹಂಚಿ, ಎತ್ತರದಲ್ಲಿಯೂ ವ್ಯತ್ಯಾಸವಿಟ್ಟು ಅಂಟಿಸಿದರು. ಗುರುತುಗಳನ್ನು ನೆಲದ ಮೇಲಿಟ್ಟರೆ ನಡುವೆ ಫ್ರೇಮ್ ಸ್ವಲ್ಪ ಜರುಗಿದರೂ ತಿಳಿಯುವುದಿಲ್ಲವೆಂದು ಎಲ್ಲವನ್ನೂ ಫ್ರೇಮಿನ ಮೇಲೆಯೇ ಇಟ್ಟರು. ಕೆಲಸವನ್ನೂ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿದರು. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುವುದರಿಂದ, ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎಂಟು ಡಿಗ್ರಿ ಏರಿದರೆ ಈ ಫ್ರೇಮ್ 0.4 ಮಿಲಿಮೀಟರ್ ಉದ್ದವಾಗುತ್ತದೆ. ಕೊನೆಗೆ ಆರ್ಮ್ ಅನ್ನು ಮೊದಲಿನ ಜಾಗಕ್ಕೇ ಮರಳಿ ತಂದು, ಮೊದಲು ಅಳೆದ ಪ್ಯಾಡನ್ನು ಇನ್ನೊಮ್ಮೆ ಮುಟ್ಟಿ, ಎರಡು ಅಂಕಿಗಳ ವ್ಯತ್ಯಾಸವನ್ನು ವರದಿಯಲ್ಲಿಯೇ ಬರೆದುಕೊಟ್ಟರು. ಆರ್ಮ್ ಪೆಟ್ಟಿಗೆ ಸೇರುವ ಮುನ್ನ ನೀವೂ ಆ ಅಂಕಿಯನ್ನು ಕೇಳಿ ಪಡೆಯಿರಿ.