ಬ್ರೇಕ್‌ಗೆ ಯಂತ್ರದ ಕತ್ತರಿ, ಹಲಗೆಗೆ ಬೆರಳು

ಧ್ವನಿಯನ್ನು ತುಂಡು ಮಾಡಿ, ಪ್ಯಾಡ್ ಎಂಬ ಗುಂಡಿಗಳನ್ನು ಒತ್ತಿ ನುಡಿಸುವ ಯಂತ್ರ ಸ್ಯಾಂಪ್ಲರ್. ಅದರಲ್ಲಿ ಡ್ರಮ್ ಬ್ರೇಕ್ (ಹಾಡಿನ ನಡುವೆ ಡ್ರಮ್ ಒಂದೇ ಕೇಳುವ ಭಾಗ) ಕತ್ತರಿಸಲು ಮೂರು ದಾರಿಗಳಿವೆ. ಸಮಭಾಗ ಮಾಡಬಹುದು; ಪೆಟ್ಟಿನ ಜೋರು ನೋಡಿ ತುಂಡರಿಸುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದು; ಧ್ವನಿ ಓಡುತ್ತಿರುವಾಗಲೇ ಪ್ಯಾಡ್ ಒತ್ತುತ್ತಾ ಗುರುತು ಹಾಕಬಹುದು. ರಾಯಚೂರಿನ ನಮ್ಮ ಮನೆಯಲ್ಲಿ ಮೂರನ್ನೂ ಎರಡು ಧ್ವನಿಗಳ ಮೇಲೆ ಪ್ರಯೋಗಿಸಿ ನೋಡಿದೆ: ಜಗತ್ತೇ ಬಳಸುವ ಅಮೆನ್ ಬ್ರೇಕ್, ಮತ್ತು ಮೊಹರಂನಲ್ಲಿ ಮುದಗಲ್ಲಿನಲ್ಲಿ ನಾನೇ ದಾಖಲಿಸಿಕೊಂಡ ಹಲಗೆ ವಾದ್ಯ.

ಅಮೆನ್ ಬ್ರೇಕ್ 1969ರದು. ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಬಾರ್ (ತಾಳದ ಸುತ್ತು), ಸುಮಾರು 7 ಸೆಕೆಂಡ್. ಅದನ್ನು ಕತ್ತರಿಸಿ ಎಷ್ಟೋ ಜನ ಹೆಸರು ಮಾಡಿದರು. 2006ರಲ್ಲಿ ತೀರಿಕೊಂಡ ಕೋಲ್ಮನ್‌ಗೆ ರಾಯಧನ ಮಾತ್ರ ದಕ್ಕಲಿಲ್ಲ. ಇದನ್ನು 32 ಸಮಭಾಗ ಮಾಡಿದರೆ ಒಂದೊಂದು ತುಂಡು ಸುಮಾರು 0.22 ಸೆಕೆಂಡ್. ಕೇಳಲು ಅಚ್ಚುಕಟ್ಟು, ಆದರೆ ನುಡಿಸಿದ್ದು ಮನುಷ್ಯ. ಕೆಲವು ಕಡೆ ಸ್ನೇರ್ ಡ್ರಮ್ಮಿನ ಪೆಟ್ಟಿನ ತಲೆ ಹಿಂದಿನ ತುಂಡಿನಲ್ಲೇ ಉಳಿದು, ಪ್ಯಾಡ್ ಒತ್ತಿದರೆ ಬರೀ ಬಾಲ ಕೇಳುತ್ತದೆ. ಜೋರು ನೋಡಿ ಕತ್ತರಿಸಿದಾಗ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ ಎರಡೂ ಸ್ವಚ್ಛವಾಗಿ ಬಿಡಿಯಾದವು. ಬ್ರೇಕ್‌ಗೆ ಇದೇ ಸರಿ. ಹೆಚ್ಚು ಯೋಚಿಸುವ ಅಗತ್ಯವಿಲ್ಲ.

ಹಲಗೆಯ ಮುಂದೆ ಈ ಜಾಣತನ ನಡೆಯುವುದಿಲ್ಲ. ಅದಕ್ಕೆ ಎರಡು ಕೋಲು: ಒಂದು ಗಿಡ್ಡ, ದಪ್ಪ, ಇನ್ನೊಂದು ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಬೀಳುವ ಕ್ಷಣಾರ್ಧ ಮೊದಲು ಕಡ್ಡಿ 'ಟಿರ್' ಎನ್ನುತ್ತದೆ. ಯಂತ್ರ ಗುರುತಿಸುವುದು ದೊಡ್ಡ ಪೆಟ್ಟನ್ನು; ಆ 'ಟಿರ್' ಹಿಂದಿನ ತುಂಡಿನ ಪಾಲಾಗುತ್ತದೆ. ತುಂಡುಗಳನ್ನು ಕೇಳಿಸಿದಾಗ ಹಲಗೆ ಬಾರಿಸುವ ಹಿರಿಯರೊಬ್ಬರು, "ಪೆಟ್ಟು ಇದೆ ತಮ್ಮಾ, ಕಡ್ಡಿ ಎಲ್ಲಿ ಹೋಯಿತು?" ಎಂದು ಕೇಳಿದರು. ಸೂಕ್ಷ್ಮತೆ ಹೆಚ್ಚಿಸಿದರೆ ಜನರ ಕೂಗಿಗೂ ಗುರುತು ಬೀಳುತ್ತದೆ. ಸಮಭಾಗದ ಮಾತು ಬಿಡಿ: ನನ್ನಲ್ಲಿದ್ದ ನಡೆ ತಿಶ್ರದ್ದು, ಅಂದರೆ ಮೂರು ಮೂರರ ಎಣಿಕೆಯದು, 16ರ ಭಾಗಕ್ಕೆ ಬಗ್ಗುವುದೇ ಇಲ್ಲ.

ಉಳಿದದ್ದು ಬೆರಳು. ಓಡುವ ಧ್ವನಿಗೆ ಪ್ಯಾಡ್ ಒತ್ತಿದರೆ ಗುರುತುಗಳೆಲ್ಲ ತುಸು ತಡವಾಗಿಯೇ ಬೀಳುತ್ತವೆ. ಒಂದೊಂದನ್ನೂ ಹಿಂದಕ್ಕೆ ಸರಿಸಿ, ಕಡ್ಡಿಯ ಸದ್ದು ಒಳಗೆ ಬರುವಂತೆ, ಅಲೆ ಸೊನ್ನೆಯ ಗೆರೆ ದಾಟುವಲ್ಲಿ ನಿಲ್ಲಿಸಬೇಕು. ಇಲ್ಲವಾದರೆ 'ಚಟ್' ಎಂಬ ಕೆಟ್ಟ ಸದ್ದು. ಬೇಸರದ ಕೆಲಸ, ಆದರೂ ಹಲಗೆ ಹಲಗೆಯಾಗಿ ಕೇಳಿದ್ದು ಹೀಗೆ ಮಾತ್ರ.

ಇನ್ನೊಂದು ವ್ಯತ್ಯಾಸ. ಬ್ರೇಕ್‌ನ ತುಂಡುಗಳನ್ನು ಒಂದೇ ಮ್ಯೂಟ್ ಗುಂಪಿಗೆ ಹಾಕಿ, ಹೊಸದು ಬಂದೊಡನೆ ಹಳೆಯದು ನಿಲ್ಲುವಂತೆ ಮಾಡುತ್ತೇನೆ. ಹಲಗೆಗೆ ಅದನ್ನು ತೆಗೆಯಬೇಕು. ಚರ್ಮದ ಗುಂಗು ಒಂದರ ಮೇಲೊಂದು ಬಿದ್ದರೇ ಚೆಂದ. ತುಂಡುಗಳನ್ನು ದಾಖಲೆಯ ಒಂದೇ ಭಾಗದಿಂದ ಆರಿಸಿಕೊಳ್ಳುವುದೂ ಮುಖ್ಯ. ಬೆಂಕಿಗೆ ಕಾಯಿಸಿದ ಹಲಗೆ ಆರುತ್ತಾ ಬಂದಂತೆ ಸ್ವರ ಇಳಿಯುತ್ತದೆ. ಮೊದಲಿನ ಪೆಟ್ಟಿಗೂ ಕೊನೆಯ ಪೆಟ್ಟಿಗೂ ಹೊಂದಿಕೆಯಾಗದೆ, ಪಿಚ್ ತಿದ್ದುವುದರಲ್ಲೇ ಸಂಜೆ ಕಳೆದುಹೋಗುತ್ತದೆ.